ಎಸ್‌ಎನ್‌ಎಫ್ ಇಳಿದರೆ ಕೆಚ್ಚಲನ್ನೂ ಪರೀಕ್ಷಿಸಿ

ಹಾಲಿನ ಸಂಘದಲ್ಲಿ ಎಸ್‌ಎನ್‌ಎಫ್ (ಕೊಬ್ಬು ಮತ್ತು ನೀರನ್ನು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ) ಕಡಿಮೆ ಬಂದರೆ ಹೈನುಗಾರರು ಮೊದಲು ಯಂತ್ರವನ್ನು ದೂರುತ್ತಾರೆ, ಆಮೇಲೆ ಹಿಂಡಿ ಬದಲಿಸುತ್ತಾರೆ. ಮೇವಿನ ಕೊರತೆ ಅನೇಕ ಕಡೆ ನಿಜವಾದ ಕಾರಣವೇ. ಆದರೆ ಒಳ್ಳೆಯ ಮೇವು ಸಿಕ್ಕರೂ ಅಂಶ ಏರದ ಮಿಶ್ರತಳಿ ಹಸುಗಳಲ್ಲಿ ನಾನು ಮೊದಲು ನೋಡುವುದು ಕೆಚ್ಚಲನ್ನು. ಗುಪ್ತ ಕೆಚ್ಚಲು ಬಾವು ಎಂಬ ಸೋಂಕಿನಲ್ಲಿ ಊತ, ಜ್ವರ, ಹಾಲಿನಲ್ಲಿ ಗರಣೆ ಯಾವುದೂ ಕಾಣಿಸುವುದಿಲ್ಲ. ಆದರೂ ಹಾಲು ಸ್ರವಿಸುವ ಜೀವಕೋಶಗಳಿಗೆ ಪೆಟ್ಟು ಬಿದ್ದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮತ್ತು ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್ ಇಳಿಯುತ್ತವೆ, ರಕ್ತದಲ್ಲಿನ ಸೋಡಿಯಂ ಮತ್ತು ಕ್ಲೋರೈಡ್ ಹಾಲಿಗೆ ಸೇರುತ್ತವೆ. ಎಸ್‌ಎನ್‌ಎಫ್‌ನ ಬಹುಪಾಲು ಲ್ಯಾಕ್ಟೋಸ್ ಮತ್ತು ಪ್ರೋಟೀನೇ ಆಗಿರುವುದರಿಂದ, ಹಸುವಿನ ಹಾಲಿಗೆ ನಿಗದಿಯಾದ ಶೇ 8.3ರ ಅಂಚಿನಲ್ಲಿರುವ ಹಾಲು ಕೆಳಗೆ ಜಾರಲು ಇಷ್ಟು ಸಾಕು.

ಇದನ್ನು ಕೊಟ್ಟಿಗೆಯಲ್ಲೇ ಪತ್ತೆಹಚ್ಚಬಹುದು. ಕೆಚ್ಚಲು ಬಾವು ಪತ್ತೆಗೆ ಬಳಸುವ ಕ್ಯಾಲಿಫೋರ್ನಿಯಾ ಪರೀಕ್ಷೆಯ ನಾಲ್ಕು ಗುಳಿಗಳ ತಟ್ಟೆಗೆ ಒಂದೊಂದು ಮೊಲೆಯ ಹಾಲನ್ನು ಬೇರೆಬೇರೆಯಾಗಿ ಹಿಂಡಿ, ಅಷ್ಟೇ ಪ್ರಮಾಣದ ಆ ಪರೀಕ್ಷೆಯ ದ್ರಾವಣ ಬೆರೆಸಿ ಮೆಲ್ಲಗೆ ತಿರುಗಿಸಿದರೆ, ಸೋಂಕಿದ್ದ ಕಡೆ ಹೆಚ್ಚಿರುವ ಬಿಳಿ ರಕ್ತಕಣಗಳು ಒಡೆದು ಹಾಲು ಲೋಳೆಯಾಗುತ್ತದೆ. ಒಂದು ಮಿಲಿಲೀಟರಿನಲ್ಲಿ ಕಣಗಳು 2 ಲಕ್ಷ ಮೀರಿದರೆ ಸೋಂಕನ್ನು ಶಂಕಿಸಬೇಕು. ನಾಲ್ಕೂ ಮೊಲೆಗಳ ಹಾಲನ್ನು ಒಟ್ಟಿಗೆ ಸೇರಿಸಿ ಪರೀಕ್ಷಿಸಿದರೆ ಮೂರು ಒಳ್ಳೆಯವುಗಳ ಮರೆಯಲ್ಲಿ ಕೆಟ್ಟದ್ದು ತಪ್ಪಿಸಿಕೊಳ್ಳುತ್ತದೆ. ಕರು ಹಾಕಿದ ಮೊದಲ ಕೆಲವು ದಿನಗಳಲ್ಲಿ ಆರೋಗ್ಯವಂತ ಹಸುವಿನ ಹಾಲೂ ಲೋಳೆಯಾಗಬಹುದಾದ್ದರಿಂದ ಆಗ ಅವಸರದ ತೀರ್ಮಾನ ಸಲ್ಲದು.

ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ, ಈ ಸೋಂಕು ತರುವ ಬ್ಯಾಕ್ಟೀರಿಯಾ ಹೆಚ್ಚಾಗಿ ಹರಡುವುದು ಕರೆಯುವವರ ಕೈಯಿಂದ, ಎಲ್ಲ ಹಸುಗಳಿಗೂ ಬಳಸುವ ಒಂದೇ ಬಟ್ಟೆಯಿಂದ. ಸೋಂಕಿನ ಹಸುವನ್ನು ಕೊನೆಗೆ ಕರೆಯಬೇಕು. ತೊಳೆದ ಕೆಚ್ಚಲನ್ನು ಒರೆಸದೆ ಕರೆದರೆ ಕೊಳೆನೀರು ಮೊಲೆತೊಟ್ಟಿಗೇ ಇಳಿಯುತ್ತದೆ; ಅದಕ್ಕಿಂತ ತೊಳೆಯದಿರುವುದೇ ಮೇಲು ಎನ್ನುತ್ತೇನೆ. ಕರೆದ ಬಳಿಕ ಮೊಲೆಯ ದ್ವಾರ ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆ ತೆರೆದಿರುತ್ತದೆ. ಆದ್ದರಿಂದ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸು ಸಗಣಿಯ ಮೇಲೆ ಮಲಗದಂತೆ ಆ ಹೊತ್ತಿಗೆ ಮೇವು ಹಾಕಿ ನಿಲ್ಲಿಸಬೇಕು.

ಹಾಲು ಕೊಡುತ್ತಿರುವಾಗ ಈ ಸೋಂಕನ್ನು ವಾಸಿಮಾಡುವುದು ಕಷ್ಟ; ಹಾಲು ಬತ್ತಿಸುವಾಗ ಕೊಡುವ ಚಿಕಿತ್ಸೆಯ ಫಲ ಹೆಚ್ಚು. ಮಧ್ಯದಲ್ಲಿ ಆ್ಯಂಟಿಬಯೋಟಿಕ್ ಹಾಕಲೇಬೇಕಾಗಿ ಬಂದರೆ, ಔಷಧವನ್ನು ಒಂದೇ ಮೊಲೆಗೆ ಹಾಕಿದ್ದರೂ ಅದು ರಕ್ತದ ಮೂಲಕ ಉಳಿದವಕ್ಕೂ ತಲುಪುವುದರಿಂದ, ಲೇಬಲ್ಲಿನಲ್ಲಿ ಬರೆದಷ್ಟು ದಿನ ನಾಲ್ಕೂ ಮೊಲೆಗಳ ಹಾಲನ್ನು ಸಂಘಕ್ಕೂ ಹಾಕಬಾರದು, ಮನೆಗೂ ಬಳಸಬಾರದು. ಕಾಯಿಸಿದ ಮಾತ್ರಕ್ಕೆ ಆ ಔಷಧದ ಅಂಶ ಹೋಗುವುದಿಲ್ಲ.