ಉಪ್ಪಳ ‘ಉಪಳ’ ಆಗುವುದು ಹೇಗೆ: ವೆಬ್ ಸ್ಕಿನ್‌ಗಳ ಹಿನ್ನೆಲೆ

ಕಾಸರಗೋಡಿನಲ್ಲಿ ಶಾಲೆಯ ಪೋರ್ಟಲ್ ಇರಲಿ, ಸಹಕಾರಿ ಸಂಘದ ಆನ್‌ಲೈನ್ ಅರ್ಜಿ ಇರಲಿ, ಒಂದೇ ಪುಟದಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಬರಬೇಕಾಗುತ್ತದೆ. ಹೊಸ ಸ್ಕಿನ್ (ಪುಟದ ಬಣ್ಣ, ಫಾಂಟ್, ಅಳತೆಗಳನ್ನು ನಿಗದಿಮಾಡುವ ಹೊರರೂಪ) ಹಾಕಿದರೆ ಬಣ್ಣವೇನೋ ಚೆಂದ. ಆದರೆ ಬಟನ್ನಿನಲ್ಲಿ ಊರ ಹೆಸರುಗಳೇ ಕೆಡುತ್ತವೆ: ಉಪ್ಪಳ ‘ಉಪಳ’ ಆಗಿರುತ್ತದೆ, ಬದಿಯಡ್ಕ ‘ಬದಿಯಡ’ ಆಗಿರುತ್ತದೆ. ಎಲ್ಲರೂ ಫಾಂಟನ್ನು ದೂರುತ್ತಾರೆ, ತೊಂದರೆ ಇರುವುದು ಬೇರೆಡೆ.

1996ರಲ್ಲಿ ಸಿಎಸ್ಎಸ್ (ಪುಟ ಹೇಗೆ ಕಾಣಬೇಕೆಂದು ಬರೆಯುವ ಭಾಷೆ) ಬಂದು ಪುಟದ ವಿಷಯವನ್ನೂ ರೂಪವನ್ನೂ ಬೇರ್ಪಡಿಸಿತು. 2004ರಲ್ಲಿ ವಿಕಿಪೀಡಿಯಕ್ಕೆ ಮೊನೊಬುಕ್ ಸ್ಕಿನ್, 2005ರಲ್ಲಿ ವರ್ಡ್‌ಪ್ರೆಸ್ಸಿಗೆ ಥೀಮ್‌ಗಳು, 2010ರಲ್ಲಿ ವಿಕಿಪೀಡಿಯಕ್ಕೇ ವೆಕ್ಟರ್ ಸ್ಕಿನ್ ಬಂದವು. ಆಸ್ಕಿ ಫಾಂಟಿನ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ಹಚ್ಚಿದ, ಕನ್ನಡ ಪುಟಗಳಿಗೆ ಇದರಿಂದ ಉಪಯೋಗವಾಗಲಿಲ್ಲ. ಸ್ಕಿನ್ ಫಾಂಟ್ ಬದಲಿಸಿತೆಂದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಗೋಜಲು ಉಳಿಯುತ್ತಿತ್ತು. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್ ನೆಲೆಯೂರಿದ ಮೇಲೆ ಆ ಕಾಟ ತಪ್ಪಿತು, ಎತ್ತರದ ಕಾಟ ಶುರುವಾಯಿತು.

ಹೆಚ್ಚಿನ ಸ್ಕಿನ್‌ಗಳ ಅಳತೆ ಇಂಗ್ಲಿಷ್ ಅಕ್ಷರದ್ದು. 16 ಪಿಕ್ಸೆಲ್ ಅಕ್ಷರಕ್ಕೆ 1.2 ಲೈನ್-ಹೈಟ್ (ಸಾಲಿನ ಎತ್ತರ) ಎಂದರೆ ಸಾಲಿಗೆ ಸಿಗುವುದು 19.2 ಪಿಕ್ಸೆಲ್. ಒತ್ತಕ್ಷರ ಅದಕ್ಕಿಂತ ಕೆಳಗಿಳಿಯುತ್ತದೆ. ‘ಸ್ತ್ರೀ’ಯಂಥ ಪದದಲ್ಲಿ ಎರಡೆರಡು ಒತ್ತು. ಸಾಮಾನ್ಯ ಪ್ಯಾರಾದಲ್ಲಾದರೆ ಅದು ಮುಂದಿನ ಸಾಲಿಗೆ ತಾಗಿ ನಿಲ್ಲುತ್ತದೆ. ಬಟನ್ನಿಗೆ ನಿಗದಿತ ಎತ್ತರ ಕೊಟ್ಟು ಓವರ್‌ಫ್ಲೋ ಹಿಡನ್ (ಹೊರಚಾಚಿದ ಭಾಗ ಮರೆಯಾಗಲಿ ಎಂಬ ನಿಯಮ) ಮಾಡಿದ್ದರೆ ಮಾತ್ರ ಕತ್ತರಿಸಿಯೇ ಹೋಗುತ್ತದೆ. ಪಕ್ಕದ ಮಲಯಾಳಕ್ಕೂ ಇದೇ ಗತಿ: 1971ರ ಲಿಪಿ ಸುಧಾರಣೆ ಬಿಡಿಸಿಟ್ಟ ಕೂಡಕ್ಷರಗಳು ರಚನಾದಂಥ ಹಳೆಲಿಪಿ ಫಾಂಟಿನಲ್ಲಿ ಒಂದರ ಕೆಳಗೊಂದು ಕೂರುತ್ತವೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ತುಂಗಾ, ಮಲಯಾಳಕ್ಕೆ ಕಾರ್ತಿಕ ಫಾಂಟ್ ಇದ್ದವು. ಅಕ್ಷರದ ಗಾತ್ರ ಒಂದೇ ಕೊಟ್ಟರೂ ಎರಡು ಲಿಪಿ ಸಮನಾಗಿ ಕಾಣುತ್ತಿರಲಿಲ್ಲ. ವಿಂಡೋಸ್ 8ರ ನಿರ್ಮಲಾ ಎರಡನ್ನೂ ಒಂದೇ ಫಾಂಟಿಗೆ ತಂದಿತು, ಸ್ಕಿನ್ನಿನ ಅಳತೆ ಹಾಗೆಯೇ ಉಳಿಯಿತು.

ಓದಲಾಗದ ಕನ್ನಡ ಬಟನ್ ಬಿಟ್ಟು ಜನ ಮಲಯಾಳ ಒತ್ತುತ್ತಾರೆ. ಆಮೇಲೆ ‘ಕನ್ನಡ ಬಳಸುವವರು ಕಡಿಮೆ’ ಎಂದು ಲೆಕ್ಕ ಹೇಳುತ್ತದೆ. ಗಡಿನಾಡಿನಲ್ಲಿ ಇದನ್ನು ಬರೀ ಅಲಂಕಾರದ ವಿಷಯವೆಂದು ತಳ್ಳಿಹಾಕಲಾಗದು.

2017ರ ಹೊತ್ತಿಗೆ ಪ್ರಮುಖ ಬ್ರೌಸರ್‌ಗಳೆಲ್ಲ ಸಿಎಸ್ಎಸ್ ವೇರಿಯಬಲ್‌ಗಳನ್ನು ಒಪ್ಪಿದ್ದರಿಂದ ರಿಪೇರಿ ಸುಲಭವಾಗಿದೆ: ಅಳತೆಗೊಂದು ಹೆಸರಿಟ್ಟು ಒಂದೇ ಕಡೆ ಬದಲಿಸಿದರೆ ಆ ಹೆಸರು ಬಳಸಿದ ಕಡೆಯೆಲ್ಲ ಬದಲಾಗುತ್ತದೆ. ಮೂಲ ಸ್ಕಿನ್ನಿಗೆ ಕೈಹಾಕಬಾರದು, ಮುಂದಿನ ಅಪ್‌ಡೇಟ್ ಎಲ್ಲವನ್ನೂ ಅಳಿಸುತ್ತದೆ. ಮೂಲದ ಮೇಲೆ ನಮ್ಮ ತಿದ್ದುಪಡಿಗಳನ್ನಷ್ಟೇ ಸೇರಿಸುವ ಚೈಲ್ಡ್ ಸ್ಕಿನ್ ಮಾಡಿ, ಅದರ ಫೈಲ್ ಮೂಲದ ನಂತರ ಲೋಡ್ ಆಗುವಂತೆ ನೋಡಿಕೊಳ್ಳಬೇಕು. ಲೈನ್-ಹೈಟ್ 1.6ರಿಂದ 1.8, ಪಿಕ್ಸೆಲ್ ಎಂದು ಬರೆಯದೆ ಬರಿಯ ಸಂಖ್ಯೆ. 24 ಪಿಕ್ಸೆಲ್ ಎಂದು ಕಟ್ಟಿಹಾಕಿದರೆ 28 ಪಿಕ್ಸೆಲ್ಲಿನ ಶೀರ್ಷಿಕೆಗೂ ಅದೇ ಇಳಿದುಬಂದು ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. ಬಟನ್ನಿಗೆ ಹೈಟ್ ಬದಲು ಮಿನ್-ಹೈಟ್ (ಕನಿಷ್ಠ ಎತ್ತರ) ಇರಲಿ. ಭಾಷೆಗೊಂದು ಫಾಂಟ್ ಹಚ್ಚಲು ಪುಟದ ಆಯಾ ಭಾಗಕ್ಕೆ ಲ್ಯಾಂಗ್ ಗುರುತು (ಅದು ಯಾವ ಭಾಷೆಯೆಂದು ಹೇಳುವ ಸೂಚನೆ) ಬೇಕು. ಇಡೀ ಪುಟ ಇಂಗ್ಲಿಷ್ ಎಂದೇ ಗುರುತಾಗಿದ್ದರೆ ಆ ನಿಯಮ ತಾಗುವುದೇ ಇಲ್ಲ. ಬೋಲ್ಡ್ ಇಲ್ಲದ ಫಾಂಟನ್ನು ಬ್ರೌಸರ್ ತಾನೇ ದಪ್ಪ ಮಾಡಿದಾಗ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ, ನೋಟೊ ಸ್ಯಾನ್ಸ್ ಕನ್ನಡದಲ್ಲಿ ನಿಜವಾದ ಬೋಲ್ಡ್ ಇದೆ.

ಉಪ್ಪಳ, ಬದಿಯಡ್ಕ, ಎಣ್ಮಕಜೆ, ಸ್ತ್ರೀ: ಈ ನಾಲ್ಕನ್ನು ಬಟನ್, ಮೆನು, ಟೇಬಲ್ಲಿನ ತಲೆಸಾಲುಗಳಲ್ಲಿ ಹಾಕಿ ಮೊಬೈಲಿನಲ್ಲೂ ನೋಡಬೇಕು. ತಿದ್ದಿದ್ದು ಕಾಣದಿದ್ದರೆ ಬ್ರೌಸರ್ ಹಳೆಯ ಫೈಲನ್ನೇ ಹಿಡಿದಿಟ್ಟುಕೊಂಡಿರಬಹುದು; ಫೈಲಿನ ವಿಳಾಸದ ಕೊನೆಯ ಆವೃತ್ತಿ ಸಂಖ್ಯೆ ಬದಲಿಸಿದರೆ ಸಾಕು.