ಎಂಜಿನ್ ಕಚ್ಚಿಕೊಂಡ ಹಳೆಯ ಗಾಲ್ಫ್ ಕಾರ್ಟ್ ಕೊಳ್ಳಬಹುದೇ?

ಓದುಗರ ಪ್ರಶ್ನೆ: ನಾವು ಅಮೆರಿಕದ ಅಟ್ಲಾಂಟಾ ಬಳಿಯ ಪೀಚ್‌ಟ್ರೀ ಸಿಟಿಯಲ್ಲಿದ್ದೇವೆ. ಇಲ್ಲಿ ಅಂಗಡಿಗೆ, ಶಾಲೆಗೆ, ಕೆರೆಯ ದಂಡೆಗೆ ಜನ ಗಾಲ್ಫ್ ಕಾರ್ಟಿನಲ್ಲೇ ಹೋಗುತ್ತಾರೆ. 1990ರ ದಶಕದ, ಕ್ಲಬ್ ಕಾರ್ ಕಂಪನಿಯ ಪೆಟ್ರೋಲ್ ಕಾರ್ಟ್ ಒಂದು 400 ಡಾಲರಿಗೆ ಸಿಗುತ್ತಿದೆ. ‘ಎಂಜಿನ್ ಸೀಜ್ ಆಗಿದೆ, ಕೆಲವು ವರ್ಷಗಳಿಂದ ಮರದ ಕೆಳಗೆ ನಿಂತಿದೆ’ ಎಂದು ಮಾರುವವರೇ ಹೇಳಿದ್ದಾರೆ. ಇದನ್ನು ಕೊಳ್ಳಬಹುದೇ? ಎಂಜಿನ್ ಮತ್ತೆ ತಿರುಗುವಂತೆ ಮಾಡಲು ಸಾಧ್ಯವೇ?

ಉತ್ತರ: ಕೊಳ್ಳಬಹುದು. ಆದರೆ ದುಡ್ಡು ಕೊಡುವ ಮೊದಲು ಒಂದು ಸಂಗತಿ ಖಚಿತವಾಗಬೇಕು: ಎಂಜಿನ್ ಓಡುತ್ತಿದ್ದಾಗ ಕಚ್ಚಿಕೊಂಡಿತೋ, ನಿಂತ ಮೇಲೆ ಕಚ್ಚಿಕೊಂಡಿತೋ? ಸ್ಪ್ಯಾನರ್ ಹಾಕಿ ಎಳೆದರೆ ಎರಡೂ ಒಂದೇ ರೀತಿ ಅಲುಗಾಡದೆ ಕೂತಿರುತ್ತವೆ. ಆದರೆ ನಿಂತು ಕಚ್ಚಿಕೊಂಡದ್ದು ಹೆಚ್ಚಿನ ಸಲ ತುಕ್ಕಿನ ಕೆಲಸ. ಅದು ಎಣ್ಣೆಗೂ ತಾಳ್ಮೆಗೂ ಬಗ್ಗುತ್ತದೆ. ಓಡುತ್ತ ಕಚ್ಚಿಕೊಂಡದ್ದು ಶಾಖದ ಕೆಲಸ. ಅಲ್ಲಿ ಲೋಹಕ್ಕೆ ಲೋಹ ಮೆತ್ತಿಕೊಂಡಿರುತ್ತದೆ. ಮೊದಲನೆಯದಕ್ಕೆ 400 ಡಾಲರ್ ಒಳ್ಳೆಯ ಬೆಲೆ. ಎರಡನೆಯದಕ್ಕೆ ಅದು ಗಾಡಿಯ ಚೌಕಟ್ಟು, ಸೀಟು, ಚಕ್ರಗಳ ಬೆಲೆ ಮಾತ್ರ.

ಮೂರನೆಯ ಸಾಧ್ಯತೆಯೂ ಇದೆ, ಅದನ್ನೇ ಮೊದಲು ಪರೀಕ್ಷಿಸಿ: ಎಂಜಿನ್ ಕಚ್ಚಿಕೊಂಡೇ ಇಲ್ಲದಿರಬಹುದು. ಪೆಟ್ರೋಲ್ ಗಾಲ್ಫ್ ಕಾರ್ಟ್ ನಿಂತಾಗ ಅದರ ಎಂಜಿನ್ ಕಾರಿನಂತೆ ಗುರುಗುಟ್ಟುತ್ತ ಕಾಯುವುದಿಲ್ಲ, ಆರಿಹೋಗುತ್ತದೆ. ಪೆಡಲ್ ಒತ್ತಿದೊಡನೆ ಸ್ಟಾರ್ಟರ್-ಜನರೇಟರ್ ಎಂಬ ಮೋಟಾರು ಬೆಲ್ಟಿನಿಂದ ಎಂಜಿನ್ನನ್ನು ತಿರುಗಿಸುತ್ತದೆ. ಎಂಜಿನ್ ಓಡಲು ಶುರುವಾದ ಮೇಲೆ ಅದೇ ಮೋಟಾರು 12 ವೋಲ್ಟಿನ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. ಇನ್ನೊಂದು ಅಗಲವಾದ ಬೆಲ್ಟು ಎರಡು ಕ್ಲಚ್ ಪುಲ್ಲಿಗಳ ನಡುವೆ ಓಡಿ ಹಿಂದಿನ ಚಕ್ರಗಳಿಗೆ ಬಲ ಕೊಡುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸ್ಟಾರ್ಟರ್-ಜನರೇಟರಿನ ಬೇರಿಂಗ್ ತುಕ್ಕು ಹಿಡಿದು ನಿಂತಿದ್ದರೂ ಪೆಡಲ್ ಒತ್ತಿದಾಗ ‘ಟಕ್’ ಎಂಬ ಒಂದೇ ಸದ್ದು. ಬ್ಯಾಟರಿ ಸತ್ತಿದ್ದರೂ ಹೆಚ್ಚುಕಡಿಮೆ ಅದೇ ಸದ್ದು. ಮಾರುವವರು ಅದನ್ನು ಕೇಳಿ ಸೀಜ್ ಆಗಿದೆ ಎಂದು ತೀರ್ಮಾನಿಸಿರುವುದು ಅಪರೂಪವಲ್ಲ.

ಪರೀಕ್ಷಿಸಲು ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಪೆಡಲ್ ಒತ್ತಿದರೆ ಸಾಕು ಈ ಗಾಡಿ ಸ್ಟಾರ್ಟ್ ಆಗಿ ಮುಂದೆ ನುಗ್ಗುತ್ತದೆ. ಬೆಲ್ಟಿನ ಬಳಿ ಬೆರಳಿಟ್ಟವರಿಗೆ ಇದು ನೆನಪಿರಲೇಬೇಕು. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಸ್ಪಾರ್ಕ್ ಪ್ಲಗ್ ಬಿಚ್ಚಿ, ಎರಡೂ ಬೆಲ್ಟುಗಳನ್ನು ತೆಗೆಯಿರಿ. ಈಗ ಸ್ಟಾರ್ಟರ್-ಜನರೇಟರಿನ ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡಿ. ಆಮೇಲೆ ಎಂಜಿನ್ ಕಡೆಯ ಕ್ಲಚ್ಚನ್ನು ಹಿಡಿದು ತಿರುಗಿಸಿ. ಎಂಜಿನ್ ತಿರುಗಿ ಜನರೇಟರ್ ತಿರುಗದಿದ್ದರೆ ಮುಖದಲ್ಲಿ ಸಂತೋಷ ತೋರಿಸದೆ ದುಡ್ಡು ಎಣಿಸಿ.

ಎಂಜಿನ್ನೇ ತಿರುಗಲಿಲ್ಲ ಎನ್ನೋಣ. ಆಗ ‘ಕೊನೆಯ ದಿನ ಏನಾಯಿತು’ ಎಂದು ಕೇಳಿ. ‘ಚೆನ್ನಾಗಿ ಓಡುತ್ತಿತ್ತು, ನಿಲ್ಲಿಸಿದೆವು, ಮತ್ತೆ ಮುಟ್ಟಲಿಲ್ಲ’ ಎಂದರೆ ಒಳ್ಳೆಯ ಸುದ್ದಿ. ‘ಏರಿನಲ್ಲಿ ಬಲ ಇಳಿಯುತ್ತ ಬಂತು, ಕಿರ್ರೆಂದಿತು, ನಿಂತಿತು’ ಎಂದರೆ ಕೆಟ್ಟ ಸುದ್ದಿ. ಮಾತನ್ನಷ್ಟೇ ನಂಬಬೇಡಿ. ಎಣ್ಣೆಯ ಅಳತೆ ಕಡ್ಡಿ ಎಳೆದು ನೋಡಿ: ಕಡ್ಡಿಗೆ ಎಣ್ಣೆಯೇ ತಾಗದಿದ್ದರೆ, ಅಥವಾ ಎಣ್ಣೆಯನ್ನು ಬೆರಳಲ್ಲಿ ಉಜ್ಜಿದಾಗ ಬೆಳ್ಳಿಯ ಬಣ್ಣದ ಮಿನುಗು, ಅಂದರೆ ಅಲ್ಯುಮಿನಿಯಂ ಪುಡಿ ಕಂಡರೆ, ಅದು ಓಡುತ್ತ ಕಚ್ಚಿಕೊಂಡದ್ದರ ಗುರುತು. ಎಂಜಿನ್ ಗಾಳಿಯಿಂದ ತಣಿಯುವಂಥದ್ದು. ತಗಡಿನ ಹೊದಿಕೆಯೊಳಗೆ ಇಲಿಯ ಗೂಡೋ ಒಣಹುಲ್ಲೋ ತುಂಬಿದ್ದರೆ ಅದು ಬೆಂದು ಕಚ್ಚಿಕೊಂಡಿರುವ ಸಂಭವ ಹೆಚ್ಚು. ಮೊಬೈಲಿಗೆ ಜೋಡಿಸುವ ಸಣ್ಣ ಕ್ಯಾಮೆರಾ ಅಗ್ಗಕ್ಕೆ ಸಿಗುತ್ತದೆ. ಪ್ಲಗ್ ರಂಧ್ರದಿಂದ ಅದನ್ನು ಇಳಿಸಿದರೆ ಸಿಲಿಂಡರಿನ ಗೋಡೆಯೇ ಉತ್ತರ ಹೇಳುತ್ತದೆ: ಕಂದು ತುಕ್ಕಿನ ಪಟ್ಟಿ ಕಂಡರೆ ನಿಂತು ಕೆಟ್ಟದ್ದು, ಉದ್ದುದ್ದ ಗೀರುಗಳೂ ಮೆತ್ತಿದ ಬೂದು ಲೋಹವೂ ಕಂಡರೆ ಓಡಿ ಕೆಟ್ಟದ್ದು.

ನಿಮ್ಮ ಗಾಡಿಯ ಪರವಾಗಿ ಎರಡು ಮಾತು ಹೇಳಬೇಕು. ಕ್ಲಬ್ ಕಾರಿನ ಚೌಕಟ್ಟು ಅಲ್ಯುಮಿನಿಯಂ. ಉಕ್ಕಿನ ಚೌಕಟ್ಟಿನ ಗಾಡಿಗಳು ಮರದ ಕೆಳಗಿನ ತೇವದಲ್ಲಿ ಒಳಗಿಂದೊಳಗೇ ಕೊರೆದುಹೋಗುತ್ತವೆ. ಆ ಭಯ ನಿಮಗಿಲ್ಲ. ಎಂಜಿನ್ನಿಗೆ ಜೀವ ಕೊಡಬಹುದು, ತುಕ್ಕು ತಿಂದ ಚೌಕಟ್ಟಿಗೆ ಕೊಡುವುದು ಕಷ್ಟ. ಎರಡನೆಯದು ಊರಿನ ಅನುಕೂಲ. ಕ್ಲಬ್ ಕಾರ್ ಮತ್ತು ಈ-ಝಡ್-ಗೋ ಎಂಬ ಎರಡೂ ಕಾರ್ಟ್ ಕಂಪನಿಗಳ ನೆಲೆ ಜಾರ್ಜಿಯಾದ ಅಗಸ್ಟಾ ಪ್ರದೇಶ. ಯಮಾಹಾದ ಗಾಲ್ಫ್ ಕಾರ್ಟ್ ಕಾರ್ಖಾನೆ ನಿಮ್ಮ ಪಕ್ಕದ ನ್ಯೂನನ್ ಊರಲ್ಲಿದೆ. 160 ಕಿಲೋಮೀಟರಿಗೂ ಹೆಚ್ಚು ಉದ್ದದ ಕಾರ್ಟ್ ಹಾದಿಗಳಿರುವ ಪೀಚ್‌ಟ್ರೀ ಸಿಟಿಯ ಸುತ್ತ ಬಿಡಿಭಾಗಕ್ಕೂ ಹಳೆಯ ಎಂಜಿನ್ನಿಗೂ ಬರವಿಲ್ಲ. ಗಾಡಿಯ ಸೀರಿಯಲ್ ಸಂಖ್ಯೆಯಲ್ಲಿ ಅಕ್ಷರಗಳ ನಂತರದ ಮೊದಲ ಎರಡು ಅಂಕಿ ತಯಾರಾದ ವರ್ಷ. 92 ಅಥವಾ ಅದರ ನಂತರದ್ದಾದರೆ ಒಳಗಿರುವುದು ಹೆಚ್ಚಾಗಿ ಕವಾಸಾಕಿಯ ಎಫ್‌ಇ290, ಅಂದರೆ 286 ಸಿಸಿಯ ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್. ಸಿಲಿಂಡರಿನ ಒಳಗೋಡೆ ಎರಕದ ಕಬ್ಬಿಣ, ಪಿಸ್ಟನ್ ಅಲ್ಯುಮಿನಿಯಂ. ತುಕ್ಕು ಹಿಡಿಯುವುದು ಕಬ್ಬಿಣಕ್ಕೆ. ಅದು ಪಿಸ್ಟನ್ನಿಗೆ ತೊಡಿಸಿದ ಬಳೆಗಳಾದ ರಿಂಗುಗಳ ಸುತ್ತ ಉಬ್ಬಿ ಪಿಸ್ಟನ್ನನ್ನು ಬಿಗಿಹಿಡಿಯುತ್ತದೆ.

ಈ ಹಿಡಿತ ಬಿಡಿಸಲು ಪ್ಲಗ್ ರಂಧ್ರದಿಂದ ತೆಳುವಾದ, ತುಕ್ಕಿನೊಳಕ್ಕೆ ಇಳಿಯುವ ಎಣ್ಣೆ ಹಾಕಬೇಕು. ಅಂಗಡಿಯ ಪೆನಿಟ್ರೇಟಿಂಗ್ ಆಯಿಲ್ ಆಗುತ್ತದೆ. ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆಯನ್ನು ಸಮಸಮ ಬೆರೆಸಿ ಹಾಕುವವರು ಬಹಳ ಮಂದಿ, ನನಗೂ ಅದೇ ಹಿಡಿಸುತ್ತದೆ. ಅವೆರಡೂ ಬೇರೆಬೇರೆಯಾಗಿ ನಿಲ್ಲುವುದರಿಂದ ಹಾಕುವ ಮೊದಲು ಕುಲುಕಬೇಕು. ಅಸಿಟೋನ್ ಆವಿ ಕಿಡಿಗೆ ಕಾದಿರುತ್ತದೆ, ಆದ್ದರಿಂದ ಕೆಲಸ ಬಯಲಲ್ಲೇ ಆಗಲಿ. ಪಿಸ್ಟನ್ನಿನ ತಲೆ ಪೂರ್ತಿ ಮುಳುಗುವಷ್ಟು ಸುರಿಯಿರಿ. ಸಿಲಿಂಡರ್ ಓರೆಯಾಗಿದ್ದರೆ ಎಣ್ಣೆ ಒಂದೇ ಬದಿಯಲ್ಲಿ ನಿಲ್ಲುತ್ತದೆ, ಗಾಡಿಯ ಒಂದು ಕಡೆಯನ್ನು ಎತ್ತಿ ಇನ್ನೊಂದು ಬದಿಗೂ ತಲುಪಿಸಬೇಕಾಗುತ್ತದೆ. ಮಟ್ಟ ಇಳಿಯುತ್ತಿದ್ದರೆ ಎಣ್ಣೆ ರಿಂಗುಗಳನ್ನು ದಾಟುತ್ತಿರಬಹುದು, ಅಥವಾ ತೆರೆದ ವಾಲ್ವಿನಿಂದ ಸೈಲೆನ್ಸರಿಗೆ ಸೋರುತ್ತಿರಬಹುದು. ಎರಡರಲ್ಲಿ ಯಾವುದಾದರೂ ಮತ್ತೆ ಸುರಿಯಿರಿ. ಇದಕ್ಕೆ ಒಂದು ವಾರ ಕೊಟ್ಟರೂ ಹೆಚ್ಚಲ್ಲ.

ದಿನಕ್ಕೊಮ್ಮೆ ಕ್ಲಚ್ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಬೋಲ್ಟ್ ಬಿಗಿಯಾಗುವ ದಿಕ್ಕಿನಲ್ಲಿ ಮಾತ್ರ ಹದವಾಗಿ ಒತ್ತಿ. ಎದುರು ದಿಕ್ಕಿಗೆ ಒತ್ತಿದರೆ ಬೋಲ್ಟೇ ಸಡಿಲವಾಗುತ್ತದೆ. ಆ ಕಡೆಗೆ ಅಲುಗಾಡಿಸಲು ಕ್ಲಚ್ಚಿನ ಮೈಯನ್ನೋ ಫ್ಲೈವೀಲನ್ನೋ ಕೈಯಲ್ಲಿ ಹಿಡಿಯಿರಿ. ಕೂದಲೆಳೆಯಷ್ಟು ಅಲುಗಿದರೂ ಗೆದ್ದಂತೆ. ಅಲ್ಲಿಂದ ಮುಂದೆ ಒಂದೇ ದಿಕ್ಕಿಗೆ ಜಗ್ಗದೆ, ಹಿಂದೆ ಮುಂದೆ ಆಡಿಸುತ್ತ ಹಾದಿಯನ್ನು ಸ್ವಲ್ಪಸ್ವಲ್ಪವೇ ಉದ್ದ ಮಾಡಿ. ಅವಸರದಲ್ಲಿ ಬ್ಯಾಟರಿ ಜೋಡಿಸಿ ಸ್ಟಾರ್ಟರಿನಿಂದ ಬಿಡಿಸಲು ಹೋದವರು ಬೆಲ್ಟನ್ನೂ ಸ್ಟಾರ್ಟರಿಗೆ ವಿದ್ಯುತ್ ಹರಿಸುವ ಸ್ವಿಚ್ಚಾದ ಸೊಲೆನಾಯ್ಡನ್ನೂ ಸುಡುತ್ತಾರೆ. ಪ್ಲಗ್ ರಂಧ್ರಕ್ಕೆ ಕಬ್ಬಿಣದ ಸರಳು ಇಳಿಸಿ ಸುತ್ತಿಗೆಯಿಂದ ಹೊಡೆಯುವುದನ್ನಂತೂ ಯಾರು ಹೇಳಿದರೂ ಮಾಡಬೇಡಿ, ಪಿಸ್ಟನ್ನಿನ ನೆತ್ತಿ ತೂತಾಗುತ್ತದೆ. ವಾರವಾದರೂ ಕದಲದಿದ್ದರೆ ಸಿಲಿಂಡರಿನ ಮುಚ್ಚಳವಾದ ಹೆಡ್ ಬಿಚ್ಚಿ, ಮರದ ತುಂಡಿಟ್ಟು ಮೆಲ್ಲಗೆ ಬಡಿಯಬಹುದು.

ಪಿಸ್ಟನ್ ಬಿಟ್ಟಿತೆಂದು ಸುತ್ತು ಮೇಲೆ ಸುತ್ತು ತಿರುಗಿಸುವ ಮುನ್ನ ವಾಲ್ವ್ ಕವರ್ ತೆಗೆದು ನೋಡಿ. ನಿಂತ ಎಂಜಿನ್ನಿನಲ್ಲಿ ವಾಲ್ವೂ ತನ್ನ ಗೈಡಿನಲ್ಲಿ ಅಂಟಿರಬಹುದು. ಪಿಸ್ಟನ್ನಿನ ಕೆಳಗಿನ ತಿರುಗುವ ದಂಡವಾದ ಕ್ರ್ಯಾಂಕ್ ತಿರುಗುವಾಗ, ವಾಲ್ವುಗಳನ್ನು ಒತ್ತುವ ಎರಡೂ ರಾಕರ್‌ಗಳು ಇಳಿದು ಏರಬೇಕು. ಒಂದು ಇಳಿಯದೆ ಉಳಿದರೆ ರಾಕರನ್ನು ತಳ್ಳುವ ಪುಷ್‌ರಾಡ್ ಬಾಗಬಹುದು, ಇಳಿದಲ್ಲೇ ಉಳಿದರೆ ಪಿಸ್ಟನ್ ವಾಲ್ವಿಗೆ ಬಡಿಯಬಹುದು. ಅಲ್ಲಿಗೂ ಎಣ್ಣೆ ಬಿಡಿ, ಕಾಯಿರಿ.

ಇನ್ನು ಓಡುತ್ತ ಕಚ್ಚಿಕೊಂಡ ಎಂಜಿನ್. ಇಲ್ಲಿ ಪ್ಲಗ್ ರಂಧ್ರದಿಂದ ಎಷ್ಟು ಎಣ್ಣೆ ಸುರಿದರೂ ಪ್ರಯೋಜನವಾಗದಿರಲು ಒಂದು ಕಾರಣವಿದೆ. ಇಂಥ ಸಣ್ಣ ಎಂಜಿನ್ನುಗಳಲ್ಲಿ ಬಹಳಷ್ಟರಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಅಲ್ಯುಮಿನಿಯಂ. ನಡುವೆ ಪ್ರತ್ಯೇಕ ಬೇರಿಂಗ್ ಇಲ್ಲದೆ ಅದು ನೇರವಾಗಿ ಕ್ರ್ಯಾಂಕಿನ ಮೇಲೇ ತಿರುಗುತ್ತದೆ. ಎಣ್ಣೆ ಇಳಿದಾಗ ಮೊದಲು ಬೇಯುವುದು ಆ ಜಾಗ. ಅಂದರೆ ಹಿಡಿತ ಪಿಸ್ಟನ್ನಿನಲ್ಲಿಲ್ಲ, ಕೆಳಗೆ ಕ್ರ್ಯಾಂಕಿನಲ್ಲಿದೆ. ಎಂಜಿನ್ ಇಳಿಸಿ ಬಿಚ್ಚದೆ ಬೇರೆ ದಾರಿಯಿಲ್ಲ. ಕ್ರ್ಯಾಂಕಿಗೂ ಸಿಲಿಂಡರಿಗೂ ಮೆತ್ತಿದ ಅಲ್ಯುಮಿನಿಯಮ್ಮನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಕರಗಿಸಿ ತೆಗೆಯುತ್ತಾರೆ. ಸುತ್ತಲಿನ ಅಲ್ಯುಮಿನಿಯಂ ಬ್ಲಾಕಿಗೆ ಒಂದು ಹನಿಯೂ ತಾಗಬಾರದು, ಹೊಗೆ ಉಸಿರಿಗೆ ಹೋಗಬಾರದು; ಅನುಭವಿಗಳಿಗೆ ಬಿಡುವುದೇ ಒಳ್ಳೆಯದು. ಆಮೇಲೆ ಗೋಡೆಯ ಮೇಲೆ ಉಗುರು ಎಳೆದಾಗ ಗೀರಿನಲ್ಲಿ ಸಿಕ್ಕಿಕೊಂಡರೆ ಬೋರ್ ಮಾಡಿಸಿ, ಅಂದರೆ ಗೋಡೆಯನ್ನು ಕೊರೆದು ಅಗಲಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕು. ಪಿಸ್ಟನ್, ರಿಂಗ್, ರಾಡ್, ಗ್ಯಾಸ್ಕೆಟ್ಟುಗಳ ಬೆಲೆಗೆ ವರ್ಕ್‌ಶಾಪಿನ ಕೂಲಿ ಸೇರಿಸಿ ನೋಡಿ. ಎಷ್ಟೋ ಸಲ ಓಡುವ ಸ್ಥಿತಿಯಲ್ಲಿರುವ ಹಳೆಯ ಎಂಜಿನ್ ತಂದು ಕೂರಿಸುವುದೇ ಅಗ್ಗವಾಗುತ್ತದೆ. ಬ್ಲಾಕಿನಲ್ಲಿ ತೂತೇ ಬಿದ್ದಿದ್ದರೆ ಚರ್ಚೆಯೇ ಬೇಡ.

ಹುಡುಕಾಟದಲ್ಲಿ ಟೂ ಸ್ಟ್ರೋಕ್ ಗಾಡಿಗಳೂ ಕಣ್ಣಿಗೆ ಬೀಳಬಹುದು: 1980ರ ದಶಕದ ಈ-ಝಡ್-ಗೋ, ಯಮಾಹಾ ಜಿ1. ಮೈಸೂರಿನ ಯೆಜ್ಡಿಗೆ ಪೆಟ್ರೋಲಿನೊಂದಿಗೆ ಎಣ್ಣೆ ಬೆರೆಸಿ ಓಡಿಸಿದ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಇವುಗಳ ಸ್ವಭಾವ ಹೇಳಿಕೊಡಬೇಕಿಲ್ಲ. ಇವುಗಳಲ್ಲಿ ನೋಡಬೇಕಾದದ್ದು ಕ್ರ್ಯಾಂಕಿನ ಎರಡು ತುದಿಯ ಸೀಲುಗಳು. ಅವು ಒಣಗಿ ಗಟ್ಟಿಯಾದರೆ ಹೊರಗಿನ ಗಾಳಿ ಒಳಗೆ ಸೇರಿ ಪೆಟ್ರೋಲಿನ ಅಂಶ ಕಡಿಮೆಯಾಗುತ್ತದೆ, ಎಂಜಿನ್ ಬಿಸಿಯೇರಿ ಕಚ್ಚಿಕೊಳ್ಳುತ್ತದೆ. ಸೀಲು ಬದಲಿಸದೆ ಪಿಸ್ಟನ್ ಮಾತ್ರ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ನಿಮ್ಮ ಗಾಡಿಗೆ ಮರಳೋಣ. ಎಂಜಿನ್ ಸರಾಗವಾಗಿ ತಿರುಗತೊಡಗಿತು. ಪ್ಲಗ್ ಹಾಕುವ ಮೊದಲು ರಂಧ್ರದ ಮೇಲೆ ಬಟ್ಟೆ ಮುಚ್ಚಿ ಹಲವು ಸುತ್ತು ತಿರುಗಿಸಿ, ಒಳಗಿನ ದ್ರವವೆಲ್ಲ ಹೊರಬರಲಿ. ದ್ರವ ಉಳಿದಿರುವಾಗ ಪ್ಲಗ್ ಬಿಗಿದು ಸ್ಟಾರ್ಟ್ ಮಾಡಿದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ, ರಾಡ್ ಬಾಗುತ್ತದೆ. ಕೆಳಗಿನ ಎಣ್ಣೆಗೂ ಈ ಮಿಶ್ರಣ ಸೇರಿರುವುದರಿಂದ ಹಳೆಯದನ್ನು ಇಳಿಸಿ ಹೊಸದು ತುಂಬಿ, ಕೆಲವು ನಿಮಿಷ ಓಡಿಸಿ, ಮತ್ತೊಮ್ಮೆ ಬದಲಿಸಿ. ಹಳೆಯ ಪೆಟ್ರೋಲನ್ನು ಪೂರ್ತಿ ಚೆಲ್ಲಿ. ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಎಥನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ಸಣ್ಣ ರಂಧ್ರಗಳನ್ನೆಲ್ಲ ತೆರವು ಮಾಡಿ, ಪೆಟ್ರೋಲ್ ಕೊಳವೆಗಳನ್ನು ಹೊಸದಾಗಿ ಹಾಕಿ, ಎಂಜಿನ್ ಹೊದಿಕೆಯೊಳಗಿನ ಗೂಡನ್ನು ತೆಗೆಯಿರಿ.

ಮೊದಲ ಸಲ ಹೊತ್ತಿಕೊಂಡಾಗ ದಟ್ಟವಾದ ಹೊಗೆ ಬರುತ್ತದೆ. ಸೈಲೆನ್ಸರಿಗೆ ಸೋರಿದ ಎಣ್ಣೆ ಉರಿಯುತ್ತಿದೆ ಅಷ್ಟೆ, ಹೆದರಬೇಡಿ. ಒಂದೆರಡು ಸಲ ಚೆನ್ನಾಗಿ ಓಡಿಸಿದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ರಿಂಗುಗಳು ಹೋಗಿವೆ ಎಂದು ತಿಳಿಯಿರಿ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಮೀಟರಿನ ಅಂಕಿ ಕಡಿಮೆ ಬಂದ ಮಾತ್ರಕ್ಕೆ ನಿರಾಶರಾಗಬೇಕಿಲ್ಲ: ಸ್ಟಾರ್ಟ್ ಸುಲಭವಾಗಲೆಂದು ಒತ್ತಡ ಬಿಟ್ಟುಕೊಡುವ ವ್ಯವಸ್ಥೆ ಕೆಲವು ಎಂಜಿನ್ನುಗಳಲ್ಲೇ ಇರುತ್ತದೆ. ಗಾಳಿ ತುಂಬಿ ಸೋರಿಕೆ ಅಳೆಯುವ ಪರೀಕ್ಷೆ ಹೆಚ್ಚು ನಂಬಿಕೆಯದು.

ಮಾರುವವರಿಂದ ಸೀರಿಯಲ್ ಸಂಖ್ಯೆ ನಮೂದಿಸಿದ ರಶೀದಿ ಬರೆಸಿಕೊಳ್ಳಿ. ಹಾದಿಗಿಳಿಸುವ ಮೊದಲು ನಿಮ್ಮ ನಗರಾಡಳಿತದಲ್ಲಿ ಕಾರ್ಟ್ ನೋಂದಾಯಿಸಬೇಕು. ಎಂಜಿನ್ ಹೊತ್ತಿಕೊಂಡ ಸಂಭ್ರಮದಲ್ಲಿ ಮರೆತುಹೋಗುವುದು ಬ್ರೇಕು. ಈ ಕಾಲದ ಗಾಡಿಗಳಲ್ಲಿ ಬ್ರೇಕ್ ಇರುವುದು ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ, ಅದೂ ತಂತಿ ಎಳೆದು ಹಿಡಿಯುವ ಡ್ರಮ್ ಬ್ರೇಕ್. ವರ್ಷಗಟ್ಟಲೆ ನಿಂತಾಗ ಆ ತಂತಿ ತುಕ್ಕು ಹಿಡಿದಿರುತ್ತದೆ. ಡ್ರಮ್ ಬಿಚ್ಚಿ, ಶೂ ನೋಡಿ, ತಂತಿ ಬದಲಿಸಿ, ಮಕ್ಕಳನ್ನು ಕೂರಿಸುವ ಮೊದಲು ಖಾಲಿ ಇಳಿಜಾರಿನಲ್ಲಿ ನೀವೊಬ್ಬರೇ ಹಲವು ಸಲ ನಿಲ್ಲಿಸಿ ನೋಡಿ.