ಸ್ಕೂಲ್ ಬೋರ್ಡ್‌ಗೆ ಗೆದ್ದಾಯ್ತು, ಇನ್ನು ಸೂಪರಿಂಟೆಂಡೆಂಟ್ ಜೊತೆ ಹೇಗಿರಬೇಕು?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ನಮ್ಮೂರಿನ ಸ್ಕೂಲ್ ಬೋರ್ಡ್‌ಗೆ ನವೆಂಬರ್ ಚುನಾವಣೆಯಲ್ಲಿ ಆಯ್ಕೆಯಾಗಿದ್ದೇನೆ. ಐದು ಜನರ ಬೋರ್ಡ್. ಊರಿನ ಶಾಲೆಗಳನ್ನೆಲ್ಲ ನಡೆಸುವ ಮುಖ್ಯ ಅಧಿಕಾರಿ, ಅಂದರೆ ಸೂಪರಿಂಟೆಂಡೆಂಟ್, ಜೀವನವಿಡೀ ಶಾಲೆಗಳಲ್ಲೇ ಕೆಲಸ ಮಾಡಿದವರು, ನಾನು ಸಾಫ್ಟ್‌ವೇರ್‌ನಿಂದ ಬಂದವಳು. ಅವರು ನನ್ನ ಮಾತು ಕೇಳಬೇಕೋ, ನಾನು ಅವರ ಮಾತು ಕೇಳಬೇಕೋ? ಸಂಬಂಧ ಚೆನ್ನಾಗಿರಲಿ ಅನ್ನೋದು ನನ್ನ ಆಸೆ. ಆದರೆ ಸುಮ್ನೆ ತಲೆಯಾಡಿಸೋಕೆ ಜನ ನನಗೆ ವೋಟು ಹಾಕಿಲ್ಲ.

ಉತ್ತರ: ಸೂಪರಿಂಟೆಂಡೆಂಟ್‌ಗೆ ಮೇಲಧಿಕಾರಿ ಬೋರ್ಡ್. ನೀವೊಬ್ಬರೇ ಅಲ್ಲ. ಐದು ಜನ ಸಭೆಯಲ್ಲಿ ಕೂತು ಮೂರು ಮತ ಬಿದ್ದಾಗ ಮಾತ್ರ ಆ ಅಧಿಕಾರ ಹುಟ್ಟುತ್ತದೆ. ಸಭೆ ಮುಗಿಸಿ ಪಾರ್ಕಿಂಗ್‌ಗೆ ಬರುವ ಹೊತ್ತಿಗೆ ನೀವು ಆ ಊರಿನ ಒಬ್ಬ ನಾಗರಿಕರು, ಅಷ್ಟೇ. ಇದನ್ನು ಮನಸ್ಸಿಗೆ ತಂದುಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕರ್ನಾಟಕದಲ್ಲಿ ಓದಿ ಬಂದ ನಮಗೆ ಇದು ಬೇಗ ಹೊಂದುವುದಿಲ್ಲ. ನಾವು ನೋಡಿದ್ದು ಬಿಇಒ, ಡಿಡಿಪಿಐ. ಅವರ ನೇಮಕ, ವರ್ಗಾವಣೆ ಎಲ್ಲ ಸರ್ಕಾರದ್ದು. ಊರವರಿಗೆ ಸಿಗುವುದು ಶಾಲೆಯ ಎಸ್‌ಡಿಎಂಸಿ. ಅದರಲ್ಲಿ ತಂದೆ ತಾಯಂದಿರು ಇರುತ್ತಾರೆ, ಮುಖ್ಯ ಶಿಕ್ಷಕರು ಅದರ ಕಾರ್ಯದರ್ಶಿ. ಆದರೆ ಆ ಮುಖ್ಯ ಶಿಕ್ಷಕರನ್ನು ನೇಮಿಸುವ, ತೆಗೆಯುವ ಅಧಿಕಾರ ಸಮಿತಿಗಿಲ್ಲ. ಅಮೆರಿಕದಲ್ಲಿ ಸುಮಾರು 13,000 ಶಾಲಾ ಡಿಸ್ಟ್ರಿಕ್ಟ್‌ಗಳಿವೆ (ಡಿಸ್ಟ್ರಿಕ್ಟ್ ಅಂದರೆ ಇಲ್ಲಿ ಜಿಲ್ಲೆಯಲ್ಲ, ಒಂದು ಆಡಳಿತದ ಕೆಳಗೆ ಬರುವ ಶಾಲೆಗಳ ಗುಂಪು). ಬಹುತೇಕ ಕಡೆ ಊರಿನ ಮತದಾರರು ಬೋರ್ಡ್ ಆರಿಸುತ್ತಾರೆ, ಬೋರ್ಡ್ ಸೂಪರಿಂಟೆಂಡೆಂಟ್‌ರನ್ನು ಆರಿಸುತ್ತದೆ. ಎಲ್ಲ ಕಡೆ ಹೀಗೇ ಅಂತಲ್ಲ. ಹವಾಯಿಯಲ್ಲಿ ಇಡೀ ರಾಜ್ಯಕ್ಕೆ ಒಂದೇ ಡಿಸ್ಟ್ರಿಕ್ಟ್, ಫ್ಲೋರಿಡಾದ ಕೆಲವು ಕೌಂಟಿಗಳಲ್ಲಿ ಸೂಪರಿಂಟೆಂಡೆಂಟ್‌ರನ್ನೂ ಜನರೇ ಚುನಾಯಿಸುತ್ತಾರೆ. ನಿಮ್ಮಲ್ಲಂತೂ ಸೂಪರಿಂಟೆಂಡೆಂಟ್ ಬೋರ್ಡ್ ಜೊತೆ ಒಪ್ಪಂದ ಮಾಡಿಕೊಂಡು ಬಂದವರು. ಒಂದು ಒಪ್ಪಂದಕ್ಕೆ ಗರಿಷ್ಠ 4 ವರ್ಷ.

ಹೀಗಾಗಿ ಹೊಸ ಸದಸ್ಯರು ಎರಡರಲ್ಲಿ ಒಂದು ದಾರಿ ಹಿಡಿಯುವುದುಂಟು. ಒಬ್ಬರು ದೊಡ್ಡ ಆಫೀಸರ್ ಎದುರು ನಿಂತವರ ಹಾಗೆ ಎಲ್ಲದಕ್ಕೂ ಸರಿ ಅಂತಾರೆ. ಇನ್ನೊಬ್ಬರು, ಎಂಎಲ್‌ಎ ತಹಶೀಲ್ದಾರರಿಗೆ ಫೋನ್ ಹಚ್ಚಿ ಕೆಲಸ ಹೇಳಿದ ಹಾಗೆ, ಸೀದಾ ಡಿಸ್ಟ್ರಿಕ್ಟ್ ಆಫೀಸಿನ ಸಿಬ್ಬಂದಿಗೇ ಫೋನ್ ಮಾಡುತ್ತಾರೆ. ಎರಡೂ ಕೆಟ್ಟದ್ದೇ. ನನ್ನ ಲೆಕ್ಕದಲ್ಲಿ ಎರಡನೆಯದು ಬೇಗ ಹಾಳು ಮಾಡುತ್ತದೆ. ಐದು ಸದಸ್ಯರು ಐದು ಕೆಲಸ ಹೇಳಿದರೆ ಆ ಸಿಬ್ಬಂದಿ ಯಾರ ಮಾತು ಕೇಳಬೇಕು? ಆಮೇಲೆ ಕೆಲಸ ಕೆಟ್ಟರೆ ಸೂಪರಿಂಟೆಂಡೆಂಟ್‌ರನ್ನು ಹೊಣೆ ಮಾಡುವುದು ಹೇಗೆ?

ಇನ್ನು ಸಂಬಂಧದ ವಿಷಯ. ಇಲ್ಲಿ ಬೋರ್ಡ್‌ಗಳಲ್ಲಿ ಪಳಗಿದವರ ಬಾಯಲ್ಲಿ ಒಂದು ನಿಯಮ ಇದೆ: ಯಾರೂ ಯಾರನ್ನೂ ಸಭೆಯಲ್ಲಿ ಬೆಚ್ಚಿಬೀಳಿಸಬಾರದು. ಇದು ಎರಡೂ ಕಡೆಗೆ. ಇದರ ಬೆಲೆ ನಿಮಗೆ ಮೊದಲ ತಿಂಗಳಲ್ಲೇ ಗೊತ್ತಾಗುತ್ತದೆ.

ಹೊಸ ಸದಸ್ಯರ ಅವಧಿ ಶುರುವಾಗುವುದು ಡಿಸೆಂಬರ್‌ನ ಎರಡನೇ ಶುಕ್ರವಾರದಿಂದ. ಡಿಸ್ಟ್ರಿಕ್ಟ್‌ನ ಮೊದಲ ಮಧ್ಯಂತರ ಲೆಕ್ಕದ ವರದಿಗೆ ಬೋರ್ಡ್ ಒಪ್ಪಿಗೆ ಕೊಡಬೇಕಾದ ಗಡುವು ಡಿಸೆಂಬರ್ 15. ಅಂದರೆ ಪ್ರಮಾಣವಚನ ತಗೊಂಡು ಮನೆಯವರ ಜೊತೆ ಫೋಟೊ ತೆಗೆಸಿಕೊಂಡ ಆಸುಪಾಸಿನಲ್ಲೇ ದಪ್ಪನೆಯ ಲೆಕ್ಕದ ಕಡತವೊಂದು ನಿಮ್ಮ ಮುಂದೆ ಬರಬಹುದು. ಈ ವರ್ಷ ಮತ್ತು ಮುಂದಿನ ಎರಡು ವರ್ಷ ಖರ್ಚು ತೂಗಿಸಲು ದುಡ್ಡಿದೆ ಅಂತಾದರೆ ಅದು ‘ಪಾಸಿಟಿವ್’. ಆಗದೆಯೂ ಹೋಗಬಹುದು ಅಂದರೆ ‘ಕ್ವಾಲಿಫೈಡ್’. ಆಗುವುದಿಲ್ಲ ಅಂದರೆ ‘ನೆಗೆಟಿವ್’. ಮೂರರಲ್ಲಿ ಯಾವುದು ಅಂತ ಬೋರ್ಡ್ ದೃಢೀಕರಿಸಬೇಕು, ಕೌಂಟಿ ಶಿಕ್ಷಣ ಕಚೇರಿ ಅದನ್ನು ಪರಿಶೀಲಿಸುತ್ತದೆ.

ಕಡತದಲ್ಲಿ ಮೂರನೇ ವರ್ಷದ ಉಳಿತಾಯ ಧಡಕ್ಕನೆ ಇಳಿದದ್ದು ನಿಮ್ಮ ಕಣ್ಣಿಗೆ ಬಿತ್ತು ಅಂದುಕೊಳ್ಳಿ. ಸಭೆಯಲ್ಲಿ, ಕ್ಯಾಮೆರಾ ಎದುರು, ಮೊದಲ ಸಲ ಅದನ್ನು ಎತ್ತಬಹುದು. ಚಪ್ಪಾಳೆ ಬೀಳಬಹುದು. ಆದರೆ ಲೆಕ್ಕದ ಅಧಿಕಾರಿ ಅಲ್ಲೇ ಕಾಗದ ತಿರುವಿ ತಡವರಿಸುತ್ತಾರೆ, ಜನರಿಗೆ ಸರಿಯಾದ ಉತ್ತರ ಸಿಗುವುದಿಲ್ಲ. ಇನ್ನೊಂದು ದಾರಿ ಇದೆ. ಸಾಮಾನ್ಯ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಹೊರಬೀಳಬೇಕು, ಇದು ಕಾನೂನು. ಅದು ಕೈಗೆ ಸಿಕ್ಕ ಕೂಡಲೇ ಓದಿ, ಸೂಪರಿಂಟೆಂಡೆಂಟ್‌ಗೆ ಒಂದು ಮೇಲ್ ಹಾಕಿ: ‘ಇಂಥ ಪುಟದಲ್ಲಿ ಮೂರನೇ ವರ್ಷದ ಉಳಿತಾಯ ಯಾಕೆ ಇಷ್ಟು ಇಳಿದಿದೆ? ಮಕ್ಕಳ ಸಂಖ್ಯೆ ಕಡಿಮೆಯಾಗುತ್ತೆ ಅಂತಲೋ, ಸಂಬಳದ ಒಪ್ಪಂದದಿಂದಲೋ? ಸಭೆಯಲ್ಲಿ ಇದನ್ನು ಕೇಳುವವಳಿದ್ದೇನೆ.’ ಆಮೇಲೆ ಸಭೆಯಲ್ಲಿ ಅದೇ ಪ್ರಶ್ನೆಯನ್ನು ಜೋರಾಗಿ ಕೇಳಿ. ಪ್ರಶ್ನೆ ಒಂಚೂರೂ ಮೆತ್ತಗಾಗಬೇಕಿಲ್ಲ. ಉತ್ತರ ಮಾತ್ರ ತಯಾರಾಗಿ ಬಂದಿರುತ್ತದೆ. ತಯಾರಾಗಿಯೂ ಉತ್ತರ ಬರಲಿಲ್ಲ ಅಂದರೆ ಆಗ ನಿಮ್ಮ ಅನುಮಾನಕ್ಕೆ ನಿಜವಾದ ಆಧಾರ ಸಿಕ್ಕಂತಾಯ್ತು.

ಅವರ ಕಡೆಯಿಂದಲೂ ಅಷ್ಟೇ. ಶಾಲೆಗೆ ಪೊಲೀಸರು ಬಂದಿದ್ದಾರೆ, ಒಬ್ಬ ಪ್ರಿನ್ಸಿಪಾಲ್ ರಾಜೀನಾಮೆ ಕೊಟ್ಟರು, ಟೀಚರ್‌ಗಳಿಗೆ ಲೇಆಫ್ ನೋಟಿಸ್ ಹೋಗಲಿದೆ, ಇಂಥದ್ದು ನಿಮಗೆ ಫೇಸ್‌ಬುಕ್‌ನಿಂದ ಗೊತ್ತಾಗಬಾರದು. ಕ್ಯಾಲಿಫೋರ್ನಿಯಾದಲ್ಲಿ ಮುಂದಿನ ವರ್ಷಕ್ಕೆ ಟೀಚರ್‌ಗಳನ್ನು ತೆಗೆಯುವುದಿದ್ದರೆ ಮೊದಲ ನೋಟಿಸ್‌ಗೆ ಗಡುವು ಮಾರ್ಚ್ 15. ಹಾಗಾಗಿ ಜನವರಿಯಲ್ಲೇ ಆ ಮಾತು ಬೋರ್ಡ್ ಮುಂದೆ ಬಂದಿರಬೇಕು. ಒಬ್ಬ ಸದಸ್ಯರಿಗೆ ಕೊಟ್ಟ ಮಾಹಿತಿ ಐವರಿಗೂ ಹೋಗಬೇಕು ಅನ್ನೋದನ್ನೂ ಶುರುವಿನಲ್ಲೇ ಮಾತಾಡಿಕೊಳ್ಳಿ. ‘ಅವರಿಗೆ ಮೊದಲೇ ಗೊತ್ತಿತ್ತು, ನನಗೆ ಹೇಳಲಿಲ್ಲ’ ಅನ್ನುವ ನೋವು ಬೋರ್ಡ್‌ಗಳನ್ನು ಒಳಗಿಂದ ಒಡೆಯುತ್ತದೆ.

ಇಲ್ಲೊಂದು ಕಾನೂನಿನ ಎಚ್ಚರಿಕೆ. ಸಭೆಗಳು ಬಹಿರಂಗವಾಗಿ ನಡೆಯಬೇಕು ಅನ್ನುವ ಕ್ಯಾಲಿಫೋರ್ನಿಯಾದ ಕಾನೂನು, 1953ರ ಬ್ರೌನ್ ಆ್ಯಕ್ಟ್, ಪ್ರಕಾರ ಬೋರ್ಡ್‌ನ ಬಹುಮತ ಸಭೆಯ ಹೊರಗೆ ಸೇರಿ ಬೋರ್ಡ್‌ನ ವಿಷಯ ಚರ್ಚಿಸುವಂತಿಲ್ಲ. ನಿಮ್ಮಲ್ಲಿ ಬಹುಮತ ಅಂದರೆ ಮೂವರು. ನೀವು ಒಬ್ಬರಿಗೆ ಹೇಳಿ, ಅವರು ಇನ್ನೊಬ್ಬರಿಗೆ ಹೇಳಿದರೂ ಲೆಕ್ಕ ಮೂರೇ. ಸೂಪರಿಂಟೆಂಡೆಂಟ್ ನಿಮ್ಮೊಬ್ಬರ ಜೊತೆ ಕೂತು ವಿಷಯ ವಿವರಿಸಬಹುದು, ಆದರೆ ನಿಮ್ಮ ಅಭಿಪ್ರಾಯವನ್ನು ಉಳಿದವರಿಗೆ ದಾಟಿಸುವಂತಿಲ್ಲ. ‘ಉಳಿದವರು ಏನಂತಾರೆ?’ ಅಂತ ಅವರನ್ನು ಕೇಳಲೇಬೇಡಿ. ಸಾರ್ವಜನಿಕ ಸೋಷಿಯಲ್ ಮೀಡಿಯಾದಲ್ಲಿ ಇನ್ನೂ ಬಿಗಿ. 2021ರಿಂದ ಜಾರಿಯಲ್ಲಿರುವ ನಿಯಮದಂತೆ, ಬೋರ್ಡ್‌ಗೆ ಸಂಬಂಧಿಸಿದ ವಿಷಯದಲ್ಲಿ ಇನ್ನೊಬ್ಬ ಸದಸ್ಯರ ಪೋಸ್ಟ್‌ಗೆ ಒಂದು ಲೈಕ್, ಒಂದು ಎಮೋಜಿ ಒತ್ತಿದರೂ ತಪ್ಪು.

ದೂರುಗಳ ವಿಷಯಕ್ಕೆ ಬರುತ್ತೇನೆ, ಯಾಕಂದರೆ ನಿಮಗೆ ಜಾಸ್ತಿ ಕಷ್ಟ ಬರುವುದು ಇಲ್ಲಿಂದಲೇ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಯಾರೋ ಪಕ್ಕಕ್ಕೆ ಕರೆಯುತ್ತಾರೆ. ‘ಅಕ್ಕಾ, ನಮ್ಮ ಹುಡುಗನನ್ನ ಸುಮ್ಮಸುಮ್ನೆ ಸಸ್ಪೆಂಡ್ ಮಾಡಿದ್ದಾರೆ. ನೀವೇ ಬೋರ್ಡಲ್ಲಿದ್ದೀರಲ್ಲ, ಪ್ರಿನ್ಸಿಪಾಲ್‌ಗೆ ಒಂದು ಮಾತು ಹೇಳಿ.’ ಬೇಡ ಅನ್ನೋಕೆ ಮನಸ್ಸು ಬರುವುದಿಲ್ಲ. ಆದರೆ ಪ್ರಿನ್ಸಿಪಾಲ್‌ಗೆ ಫೋನ್ ಮಾಡಬೇಡಿ. ಕಾರಣ ಬರೀ ಶಿಷ್ಟಾಚಾರದ್ದಲ್ಲ. ಪ್ರಕರಣ ದೊಡ್ಡದಾಗಿ ಆ ಹುಡುಗನನ್ನು ಶಾಲೆಯಿಂದ ಹೊರಹಾಕುವ ಮಟ್ಟಕ್ಕೆ ಬಂದರೆ ಕೊನೆಯ ತೀರ್ಮಾನ ಬೋರ್ಡ್‌ನದ್ದು. ಆಗ ನೀವು ತೀರ್ಪು ಕೊಡುವ ಜಾಗದಲ್ಲಿ ಕೂರುತ್ತೀರಿ. ಮೊದಲೇ ಒಂದು ಕಡೆಯ ಮಾತು ಕೇಳಿ ಓಡಾಡಿದವರು ಅಲ್ಲಿಂದ ಎದ್ದು ಹೋಗಬೇಕಾಗಬಹುದು. ಆ ಮಗುವಿಗೆ ನಿಮ್ಮ ಮತ ಬೇಕಾದ ದಿನವೇ ನೀವು ಇರುವುದಿಲ್ಲ.

ಹಾಗಂತ ‘ನನಗೆ ಸಂಬಂಧವಿಲ್ಲ’ ಅಂತ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಮೊದಲು ಯಾರ ಬಳಿ ಹೋಗಬೇಕು, ಆಮೇಲೆ ಯಾರು, ಲಿಖಿತ ದೂರು ಎಲ್ಲಿ ಕೊಡಬೇಕು ಅಂತ ದಾರಿ ತೋರಿಸಿ. ‘ಒಬ್ಬ ಪೋಷಕರು ಸಂಪರ್ಕಿಸುತ್ತಾರೆ, ದಯವಿಟ್ಟು ಉತ್ತರ ಹೋಗುವಂತೆ ನೋಡಿಕೊಳ್ಳಿ’ ಅಂತ ಸೂಪರಿಂಟೆಂಡೆಂಟ್‌ಗೆ ಒಂದು ಸಾಲು ಬರೆಯಿರಿ. ಉತ್ತರ ಹೋಯಿತಾ ಅಂತ ವಾರದ ಮೇಲೆ ವಿಚಾರಿಸಿ. ಏನು ಉತ್ತರ ಅನ್ನೋದು ಅವರ ಕೆಲಸ. ಉತ್ತರ ಹೋಗಲೇಬೇಕು ಅನ್ನೋದು ನಿಮ್ಮ ಕೆಲಸ. ಒಂದೇ ಥರದ ದೂರು ಮತ್ತೆ ಮತ್ತೆ ಬರುತ್ತಿದ್ದರೆ ಆಗ ಅದು ನೀತಿಯ ವಿಷಯ. ಸಭೆಗೆ ತನ್ನಿ.

ಚುನಾವಣೆಯಲ್ಲಿ ಕೊಟ್ಟ ಮಾತುಗಳೂ ಇವೆಯಲ್ವಾ. ದೀಪಾವಳಿಗೆ ರಜೆ ಕೊಡಿಸುತ್ತೇನೆ ಅಂದಿದ್ದೀರಿ ಅಂತಿಟ್ಟುಕೊಳ್ಳಿ. ಶಾಲಾ ಕ್ಯಾಲೆಂಡರ್ ಸೂಪರಿಂಟೆಂಡೆಂಟ್ ಮೇಜಿನ ಮೇಲೆ ಒಂದು ಸಹಿಯಿಂದ ಬದಲಾಗುವುದಿಲ್ಲ. ಟೀಚರ್ ಯೂನಿಯನ್ ಜೊತೆ ಮಾತುಕತೆಯಾಗಬೇಕು. ವರ್ಷದ 180 ದಿನಗಳ ಪಾಠಕ್ಕೆ ಎಲ್ಲಿ ಒಂದು ದಿನ ಸೇರಿಸುತ್ತೀರಿ ಅಂತ ನೋಡಬೇಕು. ‘ಯಾವಾಗ ಮಾಡ್ತೀರಾ?’ ಅಂತ ಒತ್ತಾಯಿಸುವ ಬದಲು ‘ಇದು ಆಗಬೇಕಾದರೆ ಯಾವ ಯಾವ ಹಂತ ದಾಟಬೇಕು, ಮುಂದಿನ ಕ್ಯಾಲೆಂಡರ್ ಮಾತುಕತೆ ಯಾವಾಗ?’ ಅಂತ ಕೇಳಿ. ಹಾಗೆ ಕೇಳಿದವರಿಗೆ ಒಳ್ಳೆ ಸೂಪರಿಂಟೆಂಡೆಂಟ್ ದಾರಿ ಹುಡುಕಿಕೊಡುತ್ತಾರೆ. ಇನ್ನಿಬ್ಬರ ಮತ ಗಳಿಸುವುದು ನಿಮ್ಮ ಪಾಲು, ಅದೂ ಬಹಿರಂಗ ಸಭೆಯಲ್ಲಿ ವಾದ ಮಾಡಿಯೇ.

ಹಾಗಾದರೆ ಸೂಪರಿಂಟೆಂಡೆಂಟ್ ಕೆಲಸವೇ ಸರಿಯಿಲ್ಲ ಅನ್ನಿಸಿದರೆ? ತೆಗೆಯುವ ಅಧಿಕಾರ ಬೋರ್ಡ್‌ಗೆ ಇದೆ, ಆ ಅಧಿಕಾರ ಇರಲೂ ಬೇಕು. ಆದರೆ ಹೇಗೆ ತೆಗೆಯುತ್ತೀರಿ ಅನ್ನೋದನ್ನು ಊರು ನೋಡುತ್ತಿರುತ್ತದೆ. 2023ರ ಜನವರಿಯಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಆರೆಂಜ್ ಯೂನಿಫೈಡ್ ಡಿಸ್ಟ್ರಿಕ್ಟ್‌ನ ಬೋರ್ಡ್, ಚಳಿಗಾಲದ ರಜೆಯಲ್ಲಿ ತುರ್ತಾಗಿ ವಿಶೇಷ ಸಭೆ ಕರೆದು, 4–3 ಮತಗಳಿಂದ ಸೂಪರಿಂಟೆಂಡೆಂಟ್‌ರನ್ನು ವಜಾ ಮಾಡಿತು. ಪೋಷಕರು, ಟೀಚರ್‌ಗಳು ಸಿಟ್ಟಾದರು. 2024ರ ಮಾರ್ಚ್‌ನಲ್ಲಿ ಆ ಬೋರ್ಡ್‌ನ ಇಬ್ಬರನ್ನು ಮತದಾರರು ಅವಧಿಗೆ ಮೊದಲೇ ವಾಪಸ್ ಕರೆಸಿಕೊಂಡರು. ಇದರ ನಡುವೆ ರಾಜ್ಯ ಹೊಸ ಕಾನೂನನ್ನೂ ತಂದಿತು. ಚುನಾವಣೆಯ ನಂತರ ಹೊಸ ಬೋರ್ಡ್ ಮೊದಲ ಸಲ ಸೇರಿದ 30 ದಿನದೊಳಗೆ ಕಾರಣ ಕೊಡದೆ ಸೂಪರಿಂಟೆಂಡೆಂಟ್‌ರನ್ನು ತೆಗೆಯುವಂತಿಲ್ಲ, ವಿಶೇಷ ಸಭೆಯಲ್ಲಂತೂ ಯಾವತ್ತೂ ಹಾಗೆ ತೆಗೆಯುವಂತಿಲ್ಲ. ದುಡ್ಡಿನ ಪ್ರಶ್ನೆಯೂ ಇದೆ. ಒಪ್ಪಂದ ಮಧ್ಯದಲ್ಲೇ ಮುರಿದರೆ 12 ತಿಂಗಳ ಸಂಬಳದವರೆಗೂ ಕೊಟ್ಟು ಕಳಿಸಬೇಕಾಗಬಹುದು. ಅದು ಮಕ್ಕಳ ದುಡ್ಡು.

ಅಲ್ಲಿಗೆ ಹೋಗುವ ಮೊದಲು ಕೇಳಬೇಕಾದ್ದು, ಅವರಿಂದ ಏನು ಬೇಕು ಅಂತ ನಾವು ಯಾವತ್ತಾದರೂ ಬರೆದುಕೊಟ್ಟಿದ್ದೇವಾ ಅಂತ. ಎಷ್ಟೋ ಬೋರ್ಡ್‌ಗಳಲ್ಲಿ ವಾರ್ಷಿಕ ಮೌಲ್ಯಮಾಪನ ಅಂದರೆ ವರ್ಷದ ಕೊನೆಗೆ ಒಬ್ಬೊಬ್ಬ ಸದಸ್ಯರು ತಮಗೆ ತೋಚಿದ್ದು ಹೇಳುವುದು, ಅಷ್ಟೇ. ಒಬ್ಬರಿಗೆ ಓದಿನ ಫಲಿತಾಂಶ, ಇನ್ನೊಬ್ಬರಿಗೆ ಫುಟ್ಬಾಲ್ ಮೈದಾನ. ಐದು ದಿಕ್ಕಿಗೆ ಎಳೆದರೆ ಯಾರು ತಾನೇ ಓಡಬಲ್ಲರು? ಐವರೂ ಸೇರಿ ಮೂರೋ ನಾಲ್ಕೋ ಗುರಿ ಒಪ್ಪಿಕೊಳ್ಳಬೇಕು. ಮೂರನೇ ತರಗತಿಯ ಮಕ್ಕಳ ಓದು ಎಷ್ಟು ಸುಧಾರಿಸಬೇಕು, ಯಾವ ಪರೀಕ್ಷೆಯಿಂದ ಅಳೆಯುತ್ತೀವಿ, ಯಾವ ತಿಂಗಳಲ್ಲಿ ವರದಿ ಬರಬೇಕು, ಇಷ್ಟು ಸ್ಪಷ್ಟವಾಗಿ. ವರ್ಷದ ಮಧ್ಯದಲ್ಲಿ ಒಮ್ಮೆ ಮುಚ್ಚಿದ ಬಾಗಿಲ ಸಭೆಯಲ್ಲಿ ಕೂತು ಹೇಗೆ ನಡೀತಿದೆ ಅಂತ ನೇರವಾಗಿ ಮಾತಾಡಬೇಕು. ಸಿಬ್ಬಂದಿಯ ಮೌಲ್ಯಮಾಪನಕ್ಕೆ ಕಾನೂನು ಹಾಗೆ ಕೂರಲು ಅವಕಾಶ ಕೊಟ್ಟಿದೆ. ಸಂಬಳ ಹೆಚ್ಚಿಸುವ ತೀರ್ಮಾನ ಮಾತ್ರ ಬಹಿರಂಗ ಸಾಮಾನ್ಯ ಸಭೆಯಲ್ಲೇ ಆಗಬೇಕು.

ಈಗ ನೀವು ಮಾಡಬೇಕಾದ್ದು: ಸೂಪರಿಂಟೆಂಡೆಂಟ್‌ರ ಒಪ್ಪಂದ, ಕಳೆದ ಸಲ ಬೋರ್ಡ್ ಒಪ್ಪಿದ ಗುರಿಗಳು, ಸದಸ್ಯರು ಮಾಹಿತಿ ಕೇಳುವ ವಿಧಾನದ ನಿಯಮ, ಈ ಮೂರು ಕಾಗದ ತರಿಸಿಕೊಂಡು ಓದಿ. ಗುರಿಗಳ ಕಾಗದವೇ ಇಲ್ಲ ಅಂತ ಉತ್ತರ ಬಂದರೆ, ಜನವರಿ ಸಭೆಯ ಕಾರ್ಯಸೂಚಿಯಲ್ಲಿ ಆ ವಿಷಯ ಸೇರಿಸಿ ಅಂತ ಬೋರ್ಡ್ ಅಧ್ಯಕ್ಷರಿಗೆ ಬರೆಯಿರಿ. ಬರೆಯುವ ಮೊದಲು ಸೂಪರಿಂಟೆಂಡೆಂಟ್‌ಗೆ ಒಂದು ಫೋನ್ ಮಾಡಿ ಹೇಳಿಬಿಡಿ.